ಬಿದ್ದು ಆದ ನೆಗ್ಗು

ಮಿಕ್ಸಿ ವಾಪಸ್ಸು ಬಂದ ಸಂಜೆಯಿಂದ ಆ ಮನೆಯಲ್ಲಿ ಸೊಸೆಯ ಮಾತು ನಡೆಯದಂತಾಯಿತು.

ಹಳೇ ಸಾಮಾನು ಮಾರುವ ಆ್ಯಪ್‌ನಲ್ಲಿ ಅವಳು ಬರೆದಿದ್ದುದು ಇಷ್ಟೇ: ‘ಮಿಕ್ಸಿ. ಚೆನ್ನಾಗಿದೆ.’ ಆ ಎರಡು ಪದ ನಂಬಿ ಒಬ್ಬ ಹೆಂಗಸು ಬಸ್ ನಿಲ್ದಾಣದ ತನಕ ಬಂದು ಮಿಕ್ಸಿ ಒಯ್ದಿದ್ದಳು. ಮರುದಿನ ಅದೇ ನಿಲ್ದಾಣಕ್ಕೆ ಬಂದು ಅದನ್ನು ಸೊಸೆಯ ತೋಳಿಗೆ ತುರುಕಿ, “ದೊಡ್ಡ ಜಾರಿಗೆ ಮುಚ್ಚಳ ಕೂರಲ್ಲ. ತಿರುಗಿಸಿದ್ರೆ ಗೋಡೆಗೆಲ್ಲ ಸುಣ್ಣ ಹೊಡೆದ ಹಾಗಾಗುತ್ತೆ. ನಿಮ್ಮನೇಲಿ ಇದಕ್ಕೆ ಚೆನ್ನಾಗಿದೆ ಅಂತಾರಾ?” ಎಂದು ಕೇಳಿ, ಬಸ್ಸು ಹತ್ತಿ ಹೋಗಿದ್ದಳು.

“ಅವಳು ಕೇಳಿದ್ದರಲ್ಲಿ ತಪ್ಪೇನಿದೆ?” ಎಂದರು ಮಾವ, ಚಹಾಕ್ಕೆ ಬ್ರೆಡ್ಡು ಅದ್ದುತ್ತ. “ಚೆನ್ನಾಗಿದೆ ಅನ್ನೋದು ವಿವರ ಅಲ್ಲಮ್ಮ. ಅದು ಅಭಿಪ್ರಾಯ.”

“ಎಲ್ಲಾ ಬರೆದ್ರೆ ಯಾರು ಓದ್ತಾರೆ ಮಾವ? ಜನ ಫೋಟೋ ನೋಡ್ತಾರೆ, ರೇಟು ನೋಡ್ತಾರೆ, ಮುಗೀತು.”

“ನೋಡಿ ಕೊಂಡವನು ಜಗಳಕ್ಕೆ ಬರ್ತಾನೆ. ಓದಿ ಕೊಂಡವನು ಬರಲ್ಲ.”

ಮಾವ ಪತ್ರ ಬರಹಗಾರರು. ನಲವತ್ತು ವರ್ಷ ನೋಂದಣಿ ಕಚೇರಿಯ ಎದುರು ಒಂದು ಬೆಂಚಿನ ಮೇಲೆ ಕೂತು, ಊರವರ ಮನೆ, ಹೊಲ, ಅಣ್ಣತಮ್ಮಂದಿರ ವೈಮನಸ್ಯ ಎಲ್ಲವನ್ನೂ ಕ್ರಯಪತ್ರ, ಪಾಲುಪತ್ರಗಳಿಗೆ ಇಳಿಸಿದವರು. ತಾವು ಬರೆದ ಒಂದು ಪತ್ರವೂ ಕೋರ್ಟಿನಲ್ಲಿ ಸೋತದ್ದಿಲ್ಲ ಎಂಬುದು ಅವರ ಹೆಮ್ಮೆ. ಮನೆಯವರು ಅದನ್ನು ವಾರಕ್ಕೆ ಎರಡು ಸಲವಾದರೂ ಕೇಳುತ್ತಿದ್ದರು. ಕಂಪ್ಯೂಟರಿನ ನಮೂನೆಗಳು ಬಂದ ಮೇಲೆ ಬೆಂಚು ಜ್ಯೂಸಿನವನ ಪಾಲಾಯಿತು, ಮಾವನ ಕೈ ಖಾಲಿಯಾಯಿತು. ಖಾಲಿ ಕೈಗೆ ಈಗ ಮನೆ ತುಂಬ ಮಾರುವ ಸಾಮಾನು ಸಿಕ್ಕಿತು.

ಸಾಮಾನು ನಾದಿನಿಯದು. ಮೂರು ತಿಂಗಳ ಹಿಂದೆ, ಗಂಡ ಕೆಲಸದ ಮೇಲೆ ಎರಡು ದಿನ ಬೇರೆ ಊರಿಗೆ ಹೋಗಿದ್ದಾಗ, ಅವಳೊಂದು ಲಾರಿ ಗೊತ್ತು ಮಾಡಿ ತನ್ನದೆನ್ನುವುದನ್ನೆಲ್ಲ ಹೇರಿಕೊಂಡು ತವರಿಗೆ ಬಂದಿದ್ದಳು. ಕೇಳಿದವರಿಗೆ ಹೇಳಿದ್ದು ಮೂರೇ ಪದ: “ಕೈ ಮಾಡ್ತಿದ್ದ. ಸಾಕಾಯ್ತು.” ಮುಂದೆ ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಅಪ್ಪನಿಗಂತೂ ಬರಲೇ ಇಲ್ಲ.

ಅವಳ ಗಂಡ ವಾಹನ ವಿಮೆಯ ಸರ್ವೇಯರ್. ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗುಗಳನ್ನು ಬೆರಳಿನಿಂದ ಸವರಿ, ಏಟು ಯಾವ ಕಡೆಯಿಂದ ಬಿತ್ತು, ಮಾಲೀಕ ಹೇಳುವುದರಲ್ಲಿ ನಿಜವೆಷ್ಟು ಎಂದು ವರದಿ ಬರೆಯುವ ಕೆಲಸ. ಮೆತ್ತಗಿನ ಮಾತಿನವನು. ಹೆಂಡತಿ ಹೊರಟು ಬಂದ ನಾಲ್ಕನೇ ದಿನದಿಂದ ಇವರ ಹಳೇ ಮನೆಯ ಎದುರು ಫುಟ್‌ಪಾತಿನ ಮೇಲೆ ನಿಲ್ಲತೊಡಗಿದ. ಬೈಯಲಿಲ್ಲ, ಬಾಗಿಲು ಬಡಿಯಲಿಲ್ಲ, ನಿಂತ, ಅಷ್ಟೇ. ಹನ್ನೊಂದು ದಿನ. ಪೊಲೀಸರು, “ನಿಂತ್ಕೊಳ್ಳೋದು ಅಪರಾಧ ಅಲ್ವಲ್ಲ” ಎಂದರು. ಹನ್ನೆರಡನೇ ದಿನ ಮನೆಯವರೇ ಊರಿನ ಇನ್ನೊಂದು ತುದಿಗೆ, ನೆಂಟರಿಗೂ ವಿಳಾಸ ಕೊಡದೆ, ಮೂರು ಕೋಣೆಯ ಬಾಡಿಗೆ ಮನೆಗೆ ಗಂಟುಮೂಟೆ ಕಟ್ಟಿದರು. ಅವನು ಅವಳ ಹತ್ತಿರ ಸುಳಿಯಬಾರದೆಂದು ಆದೇಶ ಕೋರಿ ವಕೀಲರು ಕೋರ್ಟಿಗೆ ಅರ್ಜಿ ಹಾಕಿದ್ದರು. ವಿಚಾರಣೆಗೆ ಇನ್ನೂ ಐದು ವಾರ. ಅಲ್ಲಿಯವರೆಗೆ ಅವನ ಕಣ್ಣಿಗೆ ಈ ಮನೆ ಬೀಳಬಾರದು. ಅಷ್ಟಾದರೆ ಸಾಕಿತ್ತು.

ಎರಡು ಸಂಸಾರದ ಸಾಮಾನು ಮೂರು ಕೋಣೆಯಲ್ಲಿ. ಬಚ್ಚಲಿಗೆ ಹೋಗಬೇಕಾದರೆ ಡೈನಿಂಗ್ ಟೇಬಲ್ಲಿಗೂ ಗೋಡೆಗೂ ನಡುವೆ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು. ಸೊಸೆಯ ಗಂಡ ಲಿಫ್ಟ್ ರಿಪೇರಿಯವನು. “ನಾನು ದಿನವೆಲ್ಲ ಇರೋ ಡಬ್ಬ ಇದಕ್ಕಿಂತ ವಿಶಾಲ” ಎಂದ. ನಾದಿನಿ, “ಮಾರಿಬಿಡಿ ಅತ್ತಿಗೆ. ನನ್ನ ಕಣ್ಣೆದುರಿಗೆ ಇರೋದೇ ಬೇಡ” ಎಂದಳು. ಕನ್ನಡಕದ ಅಂಗಡಿಯಲ್ಲಿ ದಿನವೂ ಗಿರಾಕಿಗಳೊಡನೆ ಏಗುವವಳು ಎಂದು ಮಾರುವ ಕೆಲಸ ಸೊಸೆಯ ತಲೆಗೆ ಬಂದಿತ್ತು. ಅವಳು ಹುಷಾರಿನವಳು. ಬಡಾವಣೆಯ ಹೆಸರು ಹಾಕಲಿಲ್ಲ, ಗಿರಾಕಿಯನ್ನು ಮನೆಗೆ ಕರೆಯಲಿಲ್ಲ, ಬಸ್ ನಿಲ್ದಾಣದಲ್ಲೇ ಕೊಟ್ಟು ಬರುತ್ತಿದ್ದಳು. ಮಿಕ್ಸಿಯ ಮುಚ್ಚಳವೊಂದು ಆ ಹುಷಾರನ್ನೆಲ್ಲ ಮಣ್ಣುಪಾಲು ಮಾಡಿತು.

“ಇನ್ನು ಮೇಲೆ ನಾನು ಬರೀತೀನಿ,” ಎಂದರು ಮಾವ. “ನೀನು ಫೋಟೋ ಹಾಕು, ಸಾಕು.”

ಅವರ ಮೊದಲ ಬರಹ ಒಂದು ಕುರ್ಚಿಯ ಮೇಲೆ. ‘ಸದರಿ ಕುರ್ಚಿಯು ತೇಗದ್ದಲ್ಲ, ತೇಗದ ಬಣ್ಣ ಬಳಿದದ್ದು. ಹಿಂದಿನ ಎಡಗಾಲು ಉಳಿದ ಮೂರಕ್ಕಿಂತ ಒಂದು ನೂಲಿನಷ್ಟು ಗಿಡ್ಡ. ಕುಳಿತವರು ಎಡಕ್ಕೆ ವಾಲಿದಲ್ಲಿ ಸಪ್ಪಳವಾಗುವುದು, ಬಲಕ್ಕೆ ವಾಲಿದಲ್ಲಿ ಆಗದು…’ ಹೀಗೆ ಒಂದೂವರೆ ಪುಟ. ಸೊಸೆ ಅದನ್ನು ಅಂಗಡಿಯಲ್ಲಿ ಓದಿ, ಇದನ್ನು ಕೊಳ್ಳುವವನು ಹುಟ್ಟಿಲ್ಲ ಎಂದುಕೊಂಡಳು. ಮೂರನೇ ದಿನ ಒಬ್ಬ ಕ್ಷೌರಿಕ ಬಂದು, ಚೌಕಾಸಿಯನ್ನೂ ಮಾಡದೆ, ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋದ. “ಇಷ್ಟೆಲ್ಲ ದೋಷ ಬರೆದವರು ಇನ್ನೇನು ಬಚ್ಚಿಟ್ಟಿರ್ತಾರೆ ಅಂತ ಬಂದೆ” ಎಂದಿದ್ದನಂತೆ. ಆ ವಾಕ್ಯವನ್ನು ಮಾವ ಊಟದ ಹೊತ್ತಿಗೆ ನಾಲ್ಕು ಸಲ ಹೇಳಿದರು. ಆಮೇಲೆ ಕಬ್ಬಿಣದ ಮಂಚ ಹೋಯಿತು, ಟೀಪಾಯಿ ಹೋಯಿತು. ಬರುವವರೆಲ್ಲ ಮನೆಗೇ ಬಂದರು. ಮಂಚವನ್ನು ಬಸ್ ನಿಲ್ದಾಣಕ್ಕೆ ಹೊತ್ತೊಯ್ಯುವುದು ಹೇಗೆ ಎಂದು ಮಾವ ಕೇಳಿದ ಮೇಲೆ ಸೊಸೆ ಒಲ್ಲದ ಮನಸ್ಸಿನಿಂದ ಒಪ್ಪಿದಳು.

ಜಗಳ ಹತ್ತಿದ್ದು ಪುಸ್ತಕದ ಕಪಾಟಿನಿಂದ. ಇಬ್ಬರು ಗಿರಾಕಿಗಳ ನಡುವೆ ಸಿಕ್ಕ ಎರಡು ನಿಮಿಷದಲ್ಲಿ ಸೊಸೆ ಫೋನು ತೆರೆದಳು. ಮಾವ ಹಾಕಿದ ಬರಹದ ಕೊನೆಗೆ ಇದಿತ್ತು: ‘ಚಕ್ಕುಬಂದಿ. ಸದರಿ ಕಪಾಟು ಇರುವ ಮನೆಯ ಮೂಡಣಕ್ಕೆ ನೀರಿನ ಟ್ಯಾಂಕು, ಪಡುವಣಕ್ಕೆ ಕೊಡೆ ರಿಪೇರಿ ಅಂಗಡಿ, ಬಡಗಣಕ್ಕೆ ಹೆಣ್ಣುಮಕ್ಕಳ ಶಾಲೆಯ ಹಿಂಗೋಡೆ, ತೆಂಕಣಕ್ಕೆ ರಸ್ತೆ.’

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ.

“ಮಾವ, ಇದೇನಿದು?”

“ಚಕ್ಕುಬಂದಿ.”

“ಹೊಲಕ್ಕೆ ಚಕ್ಕುಬಂದಿ ಬರೀತಾರೆ, ಮನೆಗೆ ಬರೀತಾರೆ. ಕಪಾಟಿಗೆ ಎಲ್ಲಿಯ ಚಕ್ಕುಬಂದಿ?”

“ಮತ್ತೆ ಕಪಾಟೇನು ಗಾಳೀಲಿ ತೇಲ್ತಿದೆಯಾ? ನಾಲ್ಕು ದಿಕ್ಕು ಹೇಳದ ಪತ್ರ ಮೂಗುದಾರ ಇಲ್ಲದ ಎತ್ತಿದ್ದ ಹಾಗೆ. ಯಾರು ಬೇಕಾದ್ರೂ ಹೊಡ್ಕೊಂಡು ಹೋಗಬಹುದು.”

“ನಾವು ಆ ಮನೆ ಯಾಕೆ ಬಿಟ್ವಿ ಅನ್ನೋದು ಮರೆತುಹೋಯ್ತಾ?”

“ವಿಳಾಸ ಎಲ್ಲಮ್ಮ ಬರೆದೆ? ರಸ್ತೆ ಹೆಸರಿಲ್ಲ. ಬಾಗಿಲ ನಂಬರಿಲ್ಲ.”

“ಕೊಡೆ ರಿಪೇರಿ ಅಂಗಡಿ ಈ ಊರಲ್ಲಿ ಎಷ್ಟಿದಾವೆ?”

ಮಾವ ಯೋಚಿಸಿದರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. “ಇದೊಂದೇ ಇರಬೇಕು,” ಎಂದರು.

ಸಾಲನ್ನು ಅಳಿಸಲಾಯಿತು. ಎರಡು ದಿನ ಅದು ಊರೆದುರು ಇತ್ತು. ನಾದಿನಿ ಸಿಂಕಿನ ಮುಂದೆ ನಿಂತು ಒಂದೇ ತಟ್ಟೆಯನ್ನು ಉಜ್ಜುತ್ತಲೇ ಇದ್ದಳು.

“ಏನು ಹುಲಿ ಬಂತಾ, ಕರಡಿ ಬಂತಾ?” ಎಂದರು ಅತ್ತೆ. ಅವರ ಮೊಣಕಾಲು ಕೈಕೊಟ್ಟು ವರ್ಷಗಳಾಗಿದ್ದವು. ಬಾಯಿಗೆ ಅಂಥ ತೊಂದರೆಯೇನೂ ಇರಲಿಲ್ಲ. “ನಾಲ್ಕು ಜನ ಕೂತು ಮಾತಾಡಿದ್ರೆ ಸರಿಹೋಗೋದಪ್ಪ. ಬಚ್ಚಿಟ್ಕೊಂಡು ಬಾಳೋದೂ ಒಂದು ಬಾಳಾ?”

“ಅಮ್ಮ, ಹನ್ನೊಂದು ದಿನ ನಿಂತಿದ್ರಲ್ಲ,” ಎಂದ ಮಗ, ತಟ್ಟೆಯಿಂದ ತಲೆ ಎತ್ತದೆ. “ಒಂದು ದಿನ ಮಾತಾಡಿದ್ರಾ?”

“ಒಳಗೆ ಕರೆದಿದ್ರೆ ಮಾತಾಡೋರು. ಅಳಿಯಂದಿರನ್ನ ಬೀದೀಲಿ ನಿಲ್ಲಿಸಿದ್ದು ನಾವು.”

ಬೇಳೆ ತಣ್ಣಗಾಯಿತು.

ಮೂರನೇ ವಾರ ಬೀರುವಿನ ಸರದಿ. ಎರಡು ಬಾಗಿಲಿನ ಉಕ್ಕಿನ ಬೀರು, ಆಳೆತ್ತರದ್ದು. ನಾದಿನಿ ಮಲಗುವ ಕೋಣೆಯ ಅರ್ಧವನ್ನು ಅದೇ ನುಂಗಿತ್ತು. ಮಾವ ಕನ್ನಡಕ ಏರಿಸಿ, ಕೈಯಲ್ಲಿ ಟೇಪು ಹಿಡಿದು, ಕಳ್ಳನನ್ನು ತಪಾಸಣೆ ಮಾಡುವವರ ಹಾಗೆ ಅದರ ಸುತ್ತ ಸುಳಿದರು. ಅಡುಗೆಮನೆಯಲ್ಲಿ ನಾದಿನಿ ಆಲೂಗಡ್ಡೆ ಸುಲಿಯುತ್ತಿದ್ದಳು, ಸೊಸೆ ಹಿಟ್ಟು ಕಲಸುತ್ತಿದ್ದಳು.

“ಮಗಾ, ಈ ಎಡಬಾಗಿಲಿನ ನೆಗ್ಗು ಹೇಗಾಯ್ತು?” ಮಾವ ಅಲ್ಲಿಂದಲೇ ಕೂಗಿದರು.

“ಬಿದ್ದಿದ್ದು ಅಪ್ಪ.”

‘ಎಡಬಾಗಿಲಿನಲ್ಲಿ ಅಂಗೈಯಗಲದ ನೆಗ್ಗು. ಬಿದ್ದು ಆದದ್ದು,’ ಎಂದು ಮಾವ ಬಾಯಲ್ಲಿ ಹೇಳಿಕೊಳ್ಳುತ್ತ ಬರೆದದ್ದು ಇಬ್ಬರಿಗೂ ಕೇಳಿಸಿತು. ನಾದಿನಿಯ ಚಾಕು ಆಲೂಗಡ್ಡೆಯ ಸಿಪ್ಪೆಯ ಜೊತೆಗೆ ಅರ್ಧ ಆಲೂಗಡ್ಡೆಯನ್ನೂ ತೆಗೆಯುತ್ತಿತ್ತು. ಸೊಸೆಗೆ ಹಿಂದಿನ ಭಾನುವಾರ ಅವಳ ತಲೆ ಬಾಚಿದ್ದು ನೆನಪಾಯಿತು. ಎಡಗಿವಿಯ ಮೇಲೆ, ಕೂದಲೊಳಗೆ, ಬೆರಳುದ್ದದ ಹೊಲಿಗೆಯ ಗುರುತು. “ಏನೇ ಇದು?” ಎಂದಿದ್ದಳು. “ಹಳೇದು ಅತ್ತಿಗೆ,” ಎಂದಿದ್ದಳು ನಾದಿನಿ. ಸೊಸೆ ಬಾಚಣಿಗೆಯನ್ನು ಆ ಜಾಗ ತಪ್ಪಿಸಿ ಆಡಿಸಿದ್ದಳು.

ಬೀರು ಆ್ಯಪ್‌ಗೆ ಹೋದ ಒಂದು ಗಂಟೆಯೊಳಗೆ ಗಿರಾಕಿ ಸಿಕ್ಕಿದ. ಹೆಸರಿರಬೇಕಾದ ಕಡೆ ಅಂಕಿಗಳಿದ್ದವು, ಮುಖವಿರಬೇಕಾದ ಕಡೆ ಒಂದು ಹಳದಿ ಹೂವು. ಮಾವ ಅವನಿಗೆ ಹೂವಿನ ಗಿರಾಕಿ ಎಂದು ಹೆಸರಿಟ್ಟರು.

“ಓದೋರು ಅಂದ್ರೆ ಹಾಗಿರಬೇಕು,” ಎಂದರು ಊಟಕ್ಕೆ ಕೂತಾಗ. “ನೆಗ್ಗು ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಕೇಳಿದ್ದಾನೆ. ಅಳೆದು ಕಳಿಸಿದೆ. ನಾಲ್ಕಡಿ ಒಂಬತ್ತಿಂಚು.”

“ಎತ್ತರ ಯಾಕಂತೆ?” ಎಂದಳು ಸೊಸೆ.

“ಏನಾದ್ರೂ ಅಂಟಿಸಿ ಮುಚ್ಚೋಕಿರಬೇಕು. ಬೇಕಾದವನು ಕೇಳ್ತಾನೆ. ನಿನ್ನ ಹಾಗೆ ಚೆನ್ನಾಗಿದೆ ಅಂತ ಬರೆದಿದ್ರೆ ಕೇಳ್ತಿದ್ನಾ?”

ಉಪ್ಪು ತರಲು ಎದ್ದ ನಾದಿನಿ ಕೋಣೆಯ ಬಾಗಿಲಲ್ಲಿ ಹಾದುಹೋದಳು. ಅವಳ ಹಿಂದೆ ಬೀರು ಕಾಣುತ್ತಿತ್ತು. ನೆಗ್ಗು ಅವಳ ಕಿವಿಗಿಂತ ಎರಡು ಬೆರಳು ಮೇಲಿತ್ತು. ಸೊಸೆ ಕನ್ನಡಕದ ಅಂಗಡಿಯವಳು; ದಿನವಿಡೀ ಜನರ ಕಣ್ಣು ಎಲ್ಲಿದೆ, ಕಿವಿ ಎಲ್ಲಿದೆ ಎಂದು ಅಳೆಯುವುದೇ ಅವಳ ಕೆಲಸ. ಅವಳು ತುತ್ತನ್ನು ತಟ್ಟೆಗೆ ವಾಪಸ್ಸು ಇಟ್ಟಳು.

ಮರುದಿನ ಹೂವಿನ ಗಿರಾಕಿಯ ಇನ್ನೊಂದು ಪ್ರಶ್ನೆ ಬಂತು. ಮಾವ ಅದನ್ನು ಊಟದ ನಡುವೆ ಓದಿದರು: “ನೆಗ್ಗು ಬಿದ್ದು ಆದದ್ದು ಎಂದು ಬರೆದಿದ್ದೀರಿ. ಬಿದ್ದದ್ದು ಏನು ಎಂಬುದು ಸ್ಪಷ್ಟವಿಲ್ಲ. ದಯವಿಟ್ಟು ಸ್ಪಷ್ಟಪಡಿಸಿ.” ಓದಿ, ಹಣೆ ಚಚ್ಚಿಕೊಂಡರು. “ನ್ಯಾಯವಾದ ಪ್ರಶ್ನೆ. ಕರ್ತೃಪದವೇ ಇಲ್ಲ. ಪತ್ರದಲ್ಲಿ ಯಾರಾದ್ರೂ ಹೀಗೆ ಬರೆದಿದ್ರೆ ನಾನೇ ಹರಿದು ಹಾಕ್ತಿದ್ದೆ. ಬಿದ್ದಿದ್ದು ಏನು ಮಗಾ?”

ನಾದಿನಿ ಅನ್ನವನ್ನು ಬೆರಳಿನಿಂದ ಒಂದು ಕಡೆಗೆ ಸರಿಸಿದಳು, ಇನ್ನೊಂದು ಕಡೆಗೆ ಸರಿಸಿದಳು.

“ಬೀರು,” ಎಂದಳು. “ಬೀರು ಅಂತ ಬರಿ ಅಪ್ಪ.”

“ಯಾವಾಗ?”

“ಲಾರಿಯಿಂದ ಇಳಿಸೋವಾಗ.”

ನಾದಿನಿ ತವರಿಗೆ ಬಂದ ದಿನವೂ, ಈ ಮನೆಗೆ ಬಂದ ದಿನವೂ ಲಾರಿಯ ಹಿಂದೆ ನಿಂತು ಒಂದೊಂದೇ ಸಾಮಾನು ಇಳಿಸಿಕೊಂಡವಳು ಸೊಸೆ. ಬೀರುವನ್ನು ನಾಲ್ಕು ಜನ ಹಗ್ಗ ಕಟ್ಟಿ ಇಳಿಸಿದ್ದರು. ಅದು ಬಿದ್ದಿರಲಿಲ್ಲ, ಕೊನೆಗೆ ಗೋಡೆಗೂ ತಾಗಿರಲಿಲ್ಲ. ಸೊಸೆ ತಲೆ ಎತ್ತಿದಳು. ಮೇಜಿನಾಚೆಯಿಂದ ನಾದಿನಿ ಅವಳನ್ನೇ ನೋಡುತ್ತಿದ್ದಳು, ಬೇಡ ಎಂದು. ಸೊಸೆ ಬಾಯಿಗೆ ನೀರು ತುಂಬಿಕೊಂಡಳು. ಮಾವ ಎಡಗೈಯಲ್ಲೇ ಫೋನು ಒತ್ತಿ ಬರೆದರು: ‘ಲಾರಿಯಿಂದ ಇಳಿಸುವಾಗ ಬೀರುವೇ ಬಿದ್ದು ಆದ ನೆಗ್ಗು. ಬೇರಾವ ಕಾರಣದಿಂದಲೂ ಅಲ್ಲ.’ ಆ ಕೊನೆಯ ವಾಕ್ಯ ನಲವತ್ತು ವರ್ಷದ ಅಭ್ಯಾಸಬಲ. ಅದನ್ನು ಯಾರೂ ಕೇಳಿರಲಿಲ್ಲ.

ಗುರುವಾರ ಮಧ್ಯಾಹ್ನ ಬೀರು ಹೋಗುವುದೆಂದು ನಿಗದಿಯಾಯಿತು. ಆ ದಿನ ಅಂಗಡಿಯಲ್ಲಿ ವ್ಯಾಪಾರ ಮಂದ. ಸೊಸೆ ಒಬ್ಬ ಮುದುಕರ ಫ್ರೇಮಿಗೆ ಸ್ಕ್ರೂ ಬಿಗಿದು ಕಳಿಸಿ, ಇಬ್ಬರೂ ಬಳಸುತ್ತಿದ್ದ ಒಂದೇ ಖಾತೆಯಲ್ಲಿ ಮಾವ ಮತ್ತು ಹೂವಿನ ಗಿರಾಕಿಯ ಮಾತುಕತೆಯನ್ನು ಮೊದಲಿನಿಂದ ಓದತೊಡಗಿದಳು. ಎತ್ತರದ ಪ್ರಶ್ನೆ, ಬಿದ್ದದ್ದು ಏನೆಂಬ ಪ್ರಶ್ನೆ, ಮಾವನ ಉತ್ತರ. ಅದರ ಕೆಳಗೆ ಅವಳಿಗೆ ಯಾರೂ ಹೇಳದೇ ಇದ್ದ ಮೂರನೆಯ ಪ್ರಶ್ನೆಯೊಂದಿತ್ತು.

‘ಕೆಳಗಿನ ಖಾನೆಯ ಮೂಲೆಯಲ್ಲಿ ನೀಲಿ ಶಾಯಿಯ ಕಲೆ ಇದೆಯಲ್ಲ, ಅದನ್ನು ಬರೆದಿಲ್ಲ.’

ಮಾವ ಉತ್ತರ ಕೊಟ್ಟಿದ್ದರು: ‘ನೋಡಿದೆ, ಇದೆ. ತಮ್ಮ ಕ್ಷಮೆ ಕೋರುತ್ತೇನೆ. ನಲವತ್ತು ವರ್ಷದಲ್ಲಿ ಹೀಗೆ ಬಿಟ್ಟುಹೋದದ್ದು ಇದೇ ಮೊದಲು. ಈಗ ಸೇರಿಸಿದ್ದೇನೆ.’

ಸೊಸೆ ಆ ಬೀರುವಿನ ಫೋಟೋಗಳನ್ನು ತೆಗೆದವಳು. ಒಂದರಲ್ಲೂ ಕೆಳಗಿನ ಖಾನೆ ಕಾಣುತ್ತಿರಲಿಲ್ಲ. ಮಾವನಿಗೆ ಒಂದು ದೋಷ ತಪ್ಪಿಹೋದ ನಾಚಿಕೆಯಲ್ಲಿ, ಮುಚ್ಚಿದ ಬಾಗಿಲಿನ ಹಿಂದಿನ ಕಲೆ ಗಿರಾಕಿಗೆ ಹೇಗೆ ಗೊತ್ತು ಎಂದು ಕೇಳಿಕೊಳ್ಳಲು ಪುರುಸೊತ್ತಾಗಿರಲಿಲ್ಲ.

ಅವಳು ಫೋನು ಮಾಡಿದಳು. ಮನೆಯಲ್ಲಿ ಯಾರೂ ಎತ್ತಲಿಲ್ಲ. ಮಾಲೀಕನಿಗೆ ಹೊಟ್ಟೆನೋವೆಂದು ಹೇಳಿ ಬಸ್ಸು ಹಿಡಿದಳು.

ಅವಳು ಬರುವ ಹೊತ್ತಿಗೆ ಬೀರು ಇರಲಿಲ್ಲ. ಅದಿದ್ದ ಕಡೆ ನೆಲದ ಮೇಲೆ ಒಂದು ಶುಭ್ರ ಚೌಕ. ಅತ್ತೆ ಸ್ಟೂಲಿನ ಮೇಲೆ ಕೂತೇ ಅದರ ಅಂಚಿನ ಧೂಳು ಗುಡಿಸುತ್ತಿದ್ದರು.

“ಅಂತೂ ಉಸಿರಾಡೋಕೆ ಜಾಗ ಆಯ್ತು ನೋಡು,” ಎಂದರು.

“ಯಾರು ಬಂದಿದ್ರು?”

“ಇಬ್ಬರು ಹಮಾಲರು,” ಎಂದರು ಮಾವ. “ಗಿರಾಕಿ ಬೀದಿ ತುದೀಲಿ ವ್ಯಾನಲ್ಲೇ ಕೂತಿದ್ದನಂತೆ. ಆದರೂ ನಾನು ಬಿಡಲಿಲ್ಲ. ರಸೀತಿ ಬರೆದು, ಹಮಾಲನ ಕೈಲಿ ಕಳಿಸಿ, ಸಹಿ ಹಾಕಿಸ್ಕೊಂಡೆ.”

ಎರಡು ಪ್ರತಿ ಮಾಡಿ, ಒಂದಕ್ಕೆ ತಾವು ಸಹಿ ಮಾಡಿ ಅವನಿಗೆ ಕೊಟ್ಟಿದ್ದರು. ಇನ್ನೊಂದನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದು ಸೊಸೆಗೆ ತೋರಿಸಿದರು. ‘ವಿವರಣೆಯಲ್ಲಿ ಬರೆದಿರುವಂತೆಯೇ ಇರುವುದನ್ನು ಖಾತರಿ ಮಾಡಿಕೊಂಡು ಪಡೆದಿರುತ್ತೇನೆ.’ ಕೆಳಗೆ, ನೆಟ್ಟಗೆ ನಿಂತ ಎರಡು ಗೆರೆ, ಅದರ ಮೇಲೆ ಒಂದು ಸಣ್ಣ ಕೊಂಡಿ. ಮಹಡಿಯಿಂದ ಒಣಗಿದ ಬಟ್ಟೆ ಹೊತ್ತು ಬಂದ ನಾದಿನಿ ಸೊಸೆಯ ಭುಜದ ಮೇಲಿಂದ ಬಗ್ಗಿ ನೋಡಿದಳು. ಬಟ್ಟೆಯನ್ನು ಕೆಳಗಿಡಲಿಲ್ಲ.

“ಅವನದೇ,” ಎಂದಳು.

ಅತ್ತೆಯ ಪೊರಕೆ ನಿಂತಿತು. “ಅಳಿಯಂದಿರಾ? ಬಾಗಿಲ ತನಕ ಬಂದು ಹಾಗೇ ಹೋದ್ರಾ? ಒಂದು ಲೋಟ ನೀರೂ ಕುಡೀದೆ?”

“ಒಳಗೆ ಬರಲಿಲ್ವಲ್ಲ,” ಎಂದರು ಮಾವ. ರಸೀತಿಯನ್ನು ಈಗ ಮಡಚಿದರು. “ಬರೋದಿದ್ರೆ ಬರ್ತಿದ್ದ. ಬೀರು ಬೇಕಿತ್ತೇನೋ. ತಗೊಂಡು ಹೋದ.”

“ಮೊದಲನೇ ದಿನ ಅವನು ಯಾವ ಕಾರನ್ನೂ ಮುಟ್ಟಲ್ಲ ಅಪ್ಪ. ನೋಡ್ಕೊಂಡು, ಮಾಲೀಕರ ಹೇಳಿಕೆ ತಗೊಂಡು ಹೋಗ್ತಾನೆ. ಏನಿದ್ರೂ ಎರಡನೇ ಸಲ ಬಂದಾಗ.”

ಅಂದೇ ಸೊಸೆ ಆ್ಯಪ್‌ನಲ್ಲಿದ್ದುದನ್ನೆಲ್ಲ ಅಳಿಸಿದಳು. ಬಾಗಿಲಿಗೆ ಇನ್ನೊಂದು ಚಿಲಕ ಬಂತು. ಅವಳ ಗಂಡ ಎರಡು ದಿನ ರಜೆ ಹಾಕಿ ಕಿಟಕಿಯ ಪಕ್ಕ ಕೂತ. ಎದುರಿನ ಫುಟ್‌ಪಾತು ಖಾಲಿಯಿತ್ತು; ಶುಕ್ರವಾರವೂ ಖಾಲಿ, ಶನಿವಾರವೂ ಖಾಲಿ. ಅತ್ತೆ ಒಬ್ಬರೇ, ನಿಂತಾಗಲೂ ತಪ್ಪು, ನಿಲ್ಲದಿದ್ದರೂ ತಪ್ಪು, ಆ ಮನುಷ್ಯ ಮಾಡಬೇಕಾದ್ದಾದರೂ ಏನು ಎಂದು ಗೊಣಗಿದರು.

ಸೋಮವಾರ ವಕೀಲರು ಕರೆಸಿದರು. ಎದುರು ಕಡೆಯವರ ಉತ್ತರ ಬಂದಿದೆ, ಹುಡುಗಿಯನ್ನೂ ಅವಳ ತಂದೆಯನ್ನೂ ಕರೆದುಕೊಂಡು ಬಾ ಎಂದು ಸೊಸೆಗೆ ಹೇಳಿದ್ದರು. ಅತ್ತೆಯ ಮೊಣಕಾಲಿಗೆ ಮೂರು ಮಹಡಿ ಆಗದು. ಮಗ ಮನೆಯಲ್ಲಿರುವುದೆಂದು ಮಾತಾಗಿತ್ತು. ಇವರು ಹೊರಡುವ ಹೊತ್ತಿಗೆ ಅವನಿಗೆ ಫೋನು ಬಂತು, ಆಸ್ಪತ್ರೆಯೊಂದರ ಲಿಫ್ಟಿನಲ್ಲಿ ರೋಗಿಯೊಬ್ಬರು ಸಿಕ್ಕಿಕೊಂಡಿದ್ದರು. “ಒಂದು ಗಂಟೇಲಿ ಬಂದೆ,” ಎಂದು ಓಡಿದ.

“ಅತ್ತೆ, ಯಾರು ಬಂದ್ರೂ ಬಾಗಿಲು ತೆಗೀಬೇಡಿ.”

“ನಾನೇನು ಮಗುವಾ?” ಎಂದರು ಅತ್ತೆ.

ವಕೀಲರು ಐವತ್ತು ದಾಟಿದ ಹೆಂಗಸು. ಕುರ್ಚಿಗಳ ಮೇಲಿನ ಕಡತ ಎತ್ತಿ ಇವರಿಗೆ ಜಾಗ ಮಾಡಿಕೊಟ್ಟು, ಒಂದೊಂದೇ ಹಾಳೆ ಮಗುಚಿದರು. ಬೀರುವಿನ ವಿವರಣೆ, ಅಚ್ಚು ಹಾಕಿದ್ದು. ನೆಗ್ಗಿನ ಎತ್ತರ. ಶಾಯಿಯ ಕಲೆಯ ಕ್ಷಮಾಪಣೆ. ರಸೀತಿ. ಕೊನೆಯಲ್ಲಿ ಪುಸ್ತಕದ ಕಪಾಟು, ಸಾಲು ಅಳಿಸುವ ಮೊದಲೇ ಅಚ್ಚು ಹಾಕಿಟ್ಟದ್ದು. ಅದರ ಕೊನೆಯ ನಾಲ್ಕು ದಿಕ್ಕುಗಳ ಕೆಳಗೆ ಪೆನ್ಸಿಲ್ಲಿನ ಗೆರೆ.

“ಅವನು ಬೀರುವಿಗೆ ಇವಳ ತಲೆ ಬಡಿದ ಅಂತ ನಾವು ಮುಂದೆ ಹೇಳಿದರೆ, ಅಂಥದ್ದೇನೂ ನಡೆದಿಲ್ಲ, ಬೀರುವೇ ಬಿದ್ದದ್ದು, ಅವಳ ತಂದೆಯೇ ಬರೆದುಕೊಟ್ಟಿದ್ದಾರೆ ಅಂತ ಅವನ ಉತ್ತರ. ನಾವು ಇನ್ನೂ ಹೇಳೇ ಇಲ್ಲ. ನನಗೇ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು, ಯಾವತ್ತಾದ್ರೂ ಹೇಳ್ತೀವಿ ಅಂತ.” ಅವರು ಕನ್ನಡಕದ ಮೇಲಿಂದ ನೋಡಿದರು. “ಇದನ್ನ ಬರೆದವರು ಯಾರು?”

“ನಾನು,” ಎಂದರು ಮಾವ.

“‘ಬೇರಾವ ಕಾರಣದಿಂದಲೂ ಅಲ್ಲ.’ ಚೆನ್ನಾಗಿ ಬರೆದಿದ್ದೀರಿ. ನನ್ನ ಅರ್ಜಿಗಿಂತ ಚೆನ್ನಾಗಿದೆ. ಅರ್ಜಿಗೆ ನಿಮ್ಮ ಮಗಳು ನನಗೆ ಕೊಟ್ಟಿದ್ದು ಮೂರೇ ಪದ.”

“ಬೀರುವನ್ನ ವಾಪಸ್ಸು ತರಿಸೋಕಾಗಲ್ವಾ?” ಎಂದರು ಮಾವ.

“ಮಾರಿದ್ದೀರಿ. ನಿಮ್ಮದೇ ರಸೀತಿ ಇದೆ.”

ಮಾವ ತಮ್ಮ ಬರಹವನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೊಮ್ಮೆ ಓದಿದರು. ಒಂದು ತಪ್ಪಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದಾರೆ ಎಂದು ಸೊಸೆಗೆ ಅನ್ನಿಸಿತು. ಸಿಗಲಿಲ್ಲ.

“ಈಗ ಹೇಳಮ್ಮ,” ಎಂದು ವಕೀಲರು ನಾದಿನಿಯ ಕಡೆ ತಿರುಗಿದರು. “ಬಿದ್ದಿದ್ದು ಏನು?”

ನಾದಿನಿ ಅಪ್ಪನನ್ನು ನೋಡಲಿಲ್ಲ, ಅತ್ತಿಗೆಯನ್ನು ನೋಡಲಿಲ್ಲ, ಮೇಜಿನ ಮೇಲಿನ ಪೇಪರ್‌ವೇಟನ್ನು ನೋಡುತ್ತ ಹೇಳಿದಳು.

“ಏನೂ ಬೀಳಲಿಲ್ಲ. ಕೂದಲು ಹಿಡಿದು ಬಡಿದ. ಎರಡು ಸಲ. ನೆಗ್ಗಾಗಿದ್ದು ಎರಡನೇ ಸಲಕ್ಕೆ. ಆಮೇಲೆ ಬೆರಳಿಂದ ಸವರಿ ನೋಡಿದ. ನನ್ನ ತಲೇನಲ್ಲ, ಬಾಗಿಲನ್ನ. ರಿಪೇರಿ ಆಗಲ್ಲ ಇದು, ಪೂರ್ತಿ ಬದಲಾಯಿಸಬೇಕು ಅಂದ.”

ಮಾವನ ಕೈ ತಾನಾಗಿ ಅಂಗಿಯ ಜೇಬಿನ ಪೆನ್ನಿಗೆ ಹೋಯಿತು.

“ನೀವು ಬರೀಬೇಡಿ ಯಜಮಾನರೇ,” ಎಂದರು ವಕೀಲರು. ಕೈ ಅಲ್ಲೇ ನಿಂತಿತು, ಜೇಬಿನ ಮೇಲೆ.

ವಕೀಲರು ಕಪಾಟಿನ ಹಾಳೆಯನ್ನು ಮತ್ತೆ ಎತ್ತಿಕೊಂಡರು. “ಇದನ್ನ ಯಾಕೆ ಲಗತ್ತಿಸಿದ್ದಾನೆ? ಕೇಸಿಗೆ ಇದರ ಅಗತ್ಯವೇ ಇಲ್ಲ. ನೀವು ನೋಡಲಿ ಅಂತ ಹಾಕಿದ್ದಾನೆ.” ಹಾಳೆಯನ್ನು ಕೆಳಗಿಟ್ಟರು. “ಇವತ್ತಿಂದ ಆ ಮನೇಲಿ ಯಾರೂ ಮಲಗಬೇಡಿ. ಈಗ ಮನೇಲಿ ಯಾರಿದ್ದಾರೆ?”

“ಅತ್ತೆ,” ಎಂದಳು ಸೊಸೆ. ಹೇಳುತ್ತಲೇ ಫೋನು ತೆಗೆದಳು. ಗಂಡನಿಗೆ ಹಚ್ಚಿದಳು, ಅವನು ಲಿಫ್ಟಿನ ಗುಂಡಿಯೊಳಗಿರಬೇಕು, ಸಿಗಲಿಲ್ಲ. ಮನೆಗೆ ಹಚ್ಚಿದಳು. ಐದು ಸಲ ಬಡಿದುಕೊಂಡ ಮೇಲೆ ಅತ್ತೆ ಎತ್ತಿದರು. ಹಿನ್ನೆಲೆಯಲ್ಲಿ ಮೇಜಿನ ಮೇಲೆ ಲೋಟ ಇಟ್ಟ ಸದ್ದು ಕೇಳಿತು.

“ಯಾರು ಬಂದಿದ್ದಾರೆ ಹೇಳು ನೋಡೋಣ,” ಎಂದರು ಅತ್ತೆ. ತಿಂಗಳುಗಳಿಂದ ಅವರ ದನಿ ಇಷ್ಟು ಗೆಲುವಾಗಿದ್ದುದಿಲ್ಲ. “ಡೈನಿಂಗ್ ಟೇಬಲ್ ನೋಡ್ತೀನಿ ಅಂತ ಬಂದ್ರು. ಅಳಿಯಂದಿರನ್ನ ಇನ್ನೊಂದು ಸಲ ಬೀದೀಲಿ ನಿಲ್ಲಿಸೋಕಾಗುತ್ತಾ? ಊಟಕ್ಕೆ ಕೂರಿಸಿದ್ದೀನಿ. ಎಷ್ಟು ಮೆತ್ತಗೆ ಮಾತಾಡ್ತಾರೆ ಗೊತ್ತಾ. ಒಳಗಿನ ಚಿಲಕ ಸಡಿಲ ಇದೆ ಅಂತ ಅವರೇ ಸರಿಮಾಡಿ ಹಾಕಿದ್ರು.”

ಸೊಸೆ ತಲೆ ಎತ್ತಿದಳು. ಅವಳ ಮುಖ ನೋಡಿ ವಕೀಲರು ಏನನ್ನೂ ಕೇಳದೆ ಮೇಜಿನ ಇನ್ನೊಂದು ಫೋನು ಎತ್ತಿಕೊಂಡು, ಪೊಲೀಸ್ ಠಾಣೆಯ ನಂಬರು ಒತ್ತಿ, ಕಪಾಟಿನ ಹಾಳೆಯನ್ನು ಹತ್ತಿರ ಎಳೆದುಕೊಂಡರು. ಮೂಡಣಕ್ಕೆ ನೀರಿನ ಟ್ಯಾಂಕು, ಎಂದು ತಗ್ಗಿದ ದನಿಯಲ್ಲಿ ಹೇಳತೊಡಗಿದರು.

“ಇದ್ದೀಯೇನೇ?” ಎಂದರು ಅತ್ತೆ. “ನೀವು ಎಲ್ಲಿದ್ದೀರ, ಎಷ್ಟು ಹೊತ್ತಿಗೆ ಬರ್ತೀರ ಅಂತ ಕೇಳ್ತಿದ್ದಾರೆ. ಸರಿಯಾಗಿ ಹೇಳಬೇಕಂತೆ.”

“ಬರ್ತೀವಿ ಅತ್ತೆ.”

“ಬರ್ತೀವಿ ಅಂದ್ರೆ? ಯಾರ್ಯಾರು? ಎಷ್ಟು ಹೊತ್ತಿಗೆ?”

ನಾದಿನಿಯ ಕೈ ಸೊಸೆಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಫೋನಿನ ಆ ಕಡೆ ಯಾರೋ ಕುರ್ಚಿ ಹಿಂದೆ ಸರಿಸಿ ಎದ್ದರು.

“ಬರ್ತೀವಿ,” ಎಂದಳು ಸೊಸೆ.